ಅವನ ಬದಲಿಗೆ ಕೂತವನು

ಲಿಫ್ಟ್ ರಿಪೇರಿಯ ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸುವುದು ಸ್ಪ್ಯಾನರ್ ಹಿಡಿಯುವುದನ್ನಲ್ಲ, ಕೂಗುವುದನ್ನು. ಒಬ್ಬ ಕಟ್ಟಡದ ತುದಿಯ ಮಷಿನ್ ರೂಮಿನಲ್ಲಿ ಇರುತ್ತಾನೆ, ಇನ್ನೊಬ್ಬ ಎಷ್ಟೋ ಮಹಡಿ ಕೆಳಗೆ, ಲಿಫ್ಟು ಓಡಾಡುವ ಕತ್ತಲೆ ಬಾವಿಯಲ್ಲಿ. ಮುಖ ಕಾಣುವುದಿಲ್ಲ, ಫೋನು ಹಿಡಿಯುವುದಿಲ್ಲ. ಮೇಲಿನವನು "ಕೆಳಗೆ ಬಿಡ್ತೀನಿ" ಎಂದರೆ ಕೆಳಗಿನವನು "ಕೆಳಗೆ ಬಿಡು" ಎಂದು ಅದನ್ನೇ ತಿರುಗಿ ಕೂಗಬೇಕು. ತಿರುಗಿ ಬರದ ಮಾತು ತಲುಪದ ಮಾತು. ದನಿ ನಿಂತರೆ ಕೈಯೂ ನಿಲ್ಲಬೇಕು. ಇದನ್ನು ಮರೆತವರು ಪಿಂಚಣಿ ತೆಗೆದುಕೊಳ್ಳುವವರೆಗೆ ಉಳಿಯುವುದಿಲ್ಲ ಎಂದು ಮೇಸ್ತ್ರಿ ಹೊಸಬರಿಗೆಲ್ಲ ಹೇಳುತ್ತಿದ್ದ.

ಆ ಇಬ್ಬರ ಸ್ನೇಹ ಶುರುವಾದದ್ದು ಈ ಕೂಗಾಟದಿಂದಲೇ. ಚಿಕ್ಕವನು ಕೆಲಸಕ್ಕೆ ಸೇರಿದಾಗ ಅವನಿಗೆ ಹತ್ತೊಂಬತ್ತು ತುಂಬಿತ್ತು. ಮೊದಲ ದಿನ ಊಟದ ಡಬ್ಬಿ ತೆರೆದವನು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಆಮೇಲೆ ತುತ್ತು ಎತ್ತಿದ. ಅಷ್ಟು ಸಾಕಾಯಿತು, ಎಲ್ಲರೂ ಅವನನ್ನು "ಪಾದ್ರಿ" ಎಂದು ಕರೆಯತೊಡಗಿದರು. ದೊಡ್ಡವನು ಅವನಿಗಿಂತ ನಾಲ್ಕು ವರ್ಷ ಹಿರಿಯ. ಮಾತಿಗೆ ಕೂತರೆ ಎದುರಿನವರ ತಲೆ ಕೊರೆದು ತೂತು ಮಾಡುವವನಾದ್ದರಿಂದ ಅವನಿಗೆ "ಬೈರಿಗೆ" ಎಂಬ ಹೆಸರು. ಅವನ ಜೊತೆ ಕೆಲಸ ಮಾಡಲು ಯಾರೂ ಒಪ್ಪುತ್ತಿರಲಿಲ್ಲ. ಹೊಸಬನಿಗೆ ಆಯ್ಕೆಯೇ ಇರಲಿಲ್ಲ. ಹಾಗೆ ಜೋಡಿಯಾದವರು ಆರು ತಿಂಗಳಲ್ಲಿ ಒಬ್ಬರ ಕೆಮ್ಮಿನಿಂದಲೇ ಇನ್ನೊಬ್ಬರ ಮನಸ್ಸು ತಿಳಿಯುವಷ್ಟು ಹತ್ತಿರವಾದರು.

ಪಾದ್ರಿಗೆ ಅಪ್ಪನ ನೆನಪಿಲ್ಲ. ಮನೆಯಲ್ಲಿ ಅಮ್ಮ ಮತ್ತು ಅಮ್ಮನ ತಾಯಿ. ಅಮ್ಮ ದರ್ಜಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ದಿನವಿಡೀ ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಅವನು ಕೆಲಸಕ್ಕೆ ಸೇರಿದ ಮರುವರ್ಷ ಅವಳ ಎರಡೂ ಮೂತ್ರಪಿಂಡ ಕೈಕೊಟ್ಟವು. ಅವನು ಮೂರು ದಿನ ಉಪವಾಸ ಮಾಡಿದ. ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು, "ನಮ್ಮಮ್ಮ ಗುಣ ಆಗ್ತಾಳೆ. ದೇವರು ನನಗೆ ಭರವಸೆ ಕೊಟ್ಟಿದ್ದಾನೆ" ಎಂದ. ಹೇಳುವಾಗ ಅವನ ದನಿಯಲ್ಲಿ ಒಂದು ಎಳೆಯಷ್ಟೂ ಅನುಮಾನವಿರಲಿಲ್ಲ. ಒಂದು ಮಂಗಳವಾರ ಮಧ್ಯಾಹ್ನ, ಅವನು ಅಮ್ಮನಿಗೆ ಚಹಾ ತರಲು ಆಸ್ಪತ್ರೆಯ ಕೆಳಮಹಡಿಗೆ ಇಳಿದಿದ್ದಾಗ, ಅವಳು ತೀರಿಕೊಂಡಳು. ಅವನು ಲೋಟ ಹಿಡಿದು ಬಂದಾಗ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು.

ಮಣ್ಣು ಮಾಡಿದ ದಿನ ಚರ್ಚಿನ ಸಭೆಯ ಹಿರಿಯರೊಬ್ಬರು ಅವನ ಹೆಗಲ ಮೇಲೆ ಕೈಯಿಟ್ಟು, "ಎಲ್ಲೋ ನಮ್ಮ ವಿಶ್ವಾಸದಲ್ಲೇ ಕೊರತೆ ಇತ್ತಪ್ಪ" ಎಂದರು. ಅವರು "ನಮ್ಮ" ಎಂದದ್ದು ನಿಜ. ಅವನ ಕಿವಿಗೆ ಬಿದ್ದದ್ದು "ನಿನ್ನ" ಎಂದು.

ಆಮೇಲೆ ಅವನು ಚರ್ಚಿಗೆ ಹೋಗುವುದನ್ನು ಬಿಟ್ಟ. ದೇವರಿಲ್ಲ ಎಂದು ವಾದಿಸುವಷ್ಟು ಸಿಟ್ಟೂ ಅವನಲ್ಲಿ ಉಳಿದಿರಲಿಲ್ಲ. ಪ್ರಾರ್ಥನೆಯ ಮೊದಲ ಪದ ನಾಲಿಗೆಗೆ ಬಂದರೆ ಬಾಯಲ್ಲಿ ಒಣಹಿಟ್ಟು ಹಾಕಿದಂತಾಗುತ್ತಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಡಬ್ಬಿ ತೆರೆದು ಸುಮ್ಮನೆ ಉಣ್ಣತೊಡಗಿದ. ಪ್ರಾರ್ಥನೆ ಬಿಟ್ಟರೂ ಪಾದ್ರಿ ಎಂಬ ಹೆಸರು ಅವನನ್ನು ಬಿಡಲಿಲ್ಲ.

ಕಷ್ಟವಾದದ್ದು ಅಜ್ಜಿಗೆ. ಎಪ್ಪತ್ತಾರರ ಅಜ್ಜಿಯ ಮಂಡಿ ಸವೆದಿದ್ದವು. ಚರ್ಚಿನ ಮುಂದೆ ಹತ್ತೊಂಬತ್ತು ಕಲ್ಲು ಮೆಟ್ಟಿಲು. ಮೊಮ್ಮಗನ ತೋಳು ಹಿಡಿದು ಹತ್ತುತ್ತಿದ್ದವಳು ಒಂದು ಭಾನುವಾರ ಒಬ್ಬಳೇ ಹೊರಟು, ಅರ್ಧಕ್ಕೆ ಕಾಲು ಜಾರಿ, ಮೊಣಕೈ ತರಚಿಸಿಕೊಂಡು ಮನೆಗೆ ಬಂದಳು. ಸೋಮವಾರ ಒಂದು ಆಫೀಸು ಕಟ್ಟಡದ ಮಷಿನ್ ರೂಮಿನಲ್ಲಿ ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಎಣ್ಣೆ ಹಚ್ಚುತ್ತಾ ಅವನು ಇದನ್ನು ಹೇಳಿದ.

"ನೀನು ಹೋಗಲ್ಲ, ಸರಿ" ಎಂದ ಬೈರಿಗೆ. "ಅಜ್ಜಿ ಏನು ತಪ್ಪು ಮಾಡಿದ್ರು?"

"ಮನೇಲೇ ಪ್ರಾರ್ಥನೆ ಮಾಡ್ಕೊ ಅಂದೆ. ಕೇಳ್ಬೇಕಲ್ಲ."

"ಹಾಗಾದ್ರೆ ನಾನು ಕರ್ಕೊಂಡು ಹೋಗ್ತೀನಿ ಬಿಡು."

"ನೀನಾ? ಚರ್ಚಿಗೂ ನಿನಗೂ ಏನೋ ಸಂಬಂಧ?"

"ಚರ್ಚಿಗೂ ನನಗೂ ಏನೂ ಇಲ್ಲ. ಮೆಟ್ಟಿಲಿಗೂ ನನಗೂ ಇದೆ. ಮೆಟ್ಟಿಲು ಹತ್ತೋಕಾಗದವರಿಗೋಸ್ಕರ ತಾನೇ ನಮಗೆ ಸಂಬಳ ಕೊಡೋದು?"

ಪಾದ್ರಿ ತಮಾಷೆ ಎಂದುಕೊಂಡ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲು ಬಡಿದಾಗ ನೋಡಿದರೆ ಬೈರಿಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಗುರಿನ ಸಂದಿಯ ಗ್ರೀಸನ್ನೂ ತೊಳೆದುಕೊಂಡು ನಿಂತಿದ್ದ. ಅವನ ಮನೆಯಲ್ಲಿ ದೇವರು ದಿಂಡರು ಎಂದು ತಲೆ ಕೆಡಿಸಿಕೊಂಡವರು ಯಾರೂ ಇರಲಿಲ್ಲ. ಅವನನ್ನು ಸಾಕಿದ ಸೋದರತ್ತೆ, "ದುಡಿ, ಉಣ್ಣು, ಯಾರಿಗೂ ಕೆಟ್ಟದ್ದು ಬಯಸ್ಬೇಡ" ಎಂಬುದಕ್ಕಿಂತ ಹೆಚ್ಚಿನ ಧರ್ಮ ಹೇಳಿಕೊಟ್ಟವಳಲ್ಲ.

ಮಧ್ಯಾಹ್ನ ಅಜ್ಜಿ ಬಂದು ಕುರ್ಚಿಯಲ್ಲಿ ಕೂತು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಎಲ್ಲರೂ ನಿಂತ್ರೆ ಇವನು ಕೂತ್ಕೋತಾನೆ. ಎಲ್ಲರೂ ಕೂತ್ರೆ ಎದ್ದು ನಿಂತ್ಕೋತಾನೆ. ಹಾಡೋವಾಗ ಮಾತ್ರ, ಅಯ್ಯೋ, ಒಂದು ಸಾಲು ಹಿಂದೆ, ಆದ್ರೆ ಎಲ್ಲರಿಗಿಂತ ಜೋರು!" ಆಮೇಲೆ ನಗು ನಿಲ್ಲಿಸಿ, "ನಿನ್ನ ಜಾಗದಲ್ಲೇ ಕೂತಿದ್ದ ಕಣಪ್ಪ" ಎಂದಳು.

ಒಂದು ವಾರದ ಮಾತು ಹದಿನಾಲ್ಕು ತಿಂಗಳಾಯಿತು. ಬೈರಿಗೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಹೋದ. ಪಾದ್ರಿಗೆ ಅವನು ಒಮ್ಮೆಯೂ "ನೀನೂ ಬಾ" ಎನ್ನಲಿಲ್ಲ. ಆದರೆ ಸೋಮವಾರ ಬಂದರೆ ಸಾಕು, ಲಿಫ್ಟಿನ ಬಾವಿಯೊಳಗಿಂದ ಪ್ರಶ್ನೆಗಳು ಏಳುತ್ತಿದ್ದವು.

"ಲೋ ಪಾದ್ರಿ! ಯೇಸು ಕರೆದ ಕೂಡ್ಲೇ ಆ ಮೀನು ಹಿಡಿಯೋರು ಬಲೆ ಬಿಟ್ಟು ಹೊರಟುಬಿಟ್ರಲ್ಲ, ಮನೇಲಿ ಹೆಂಡ್ತಿ ಸುಮ್ನೆ ಬಿಟ್ಲಾ?"

"ಗೊತ್ತಿಲ್ಲ ಕಣೋ, ಬೋಲ್ಟ್ ಹಿಡ್ಕೋ."

"ಗೊತ್ತಿಲ್ಲ ಅಂದ್ರೆ? ಇಪ್ಪತ್ತು ವರ್ಷ ಏನು ಕೇಳಿಸ್ಕೊಂಡೆ ಅಲ್ಲಿ ಕೂತು?"

ಒಂದು ಸೋಮವಾರ ಅವನು ಬಹಳ ಗಂಭೀರವಾಗಿದ್ದ. ಇಬ್ಬರೂ ಬುತ್ತಿ ಬಿಚ್ಚಿದ್ದರು. "ನಿನ್ನೆ ನಮ್ಮ ಕಸುಬಿನ ಕಥೆ ಓದಿದ್ರು" ಎಂದ. "ಒಬ್ಬನಿಗೆ ಪಾರ್ಶ್ವವಾಯು. ನಾಲ್ಕು ಜನ ಗೆಳೆಯರು ಹಾಸಿಗೆ ಸಮೇತ ಹೊತ್ಕೊಂಡು ಬರ್ತಾರೆ. ಬಾಗಿಲಲ್ಲಿ ಜನವೋ ಜನ. ಸೀದಾ ಮೇಲೆ ಹತ್ತಿ, ಮಾಡು ಕಿತ್ತು, ಹಗ್ಗ ಕಟ್ಟಿ ಅವನನ್ನ ಯೇಸುವಿನ ಮುಂದೆ ಇಳಿಸ್ತಾರೆ. ನನಗೆ ಮೂರು ಪ್ರಶ್ನೆ ಇದೆ."

"ಕೇಳು, ಬಿಡ್ತೀಯಾ ನೀನು?"

"ಮೊದಲನೇದು, ಮಾಡಿನ ರಿಪೇರಿ ಯಾರು ಮಾಡಿಸಿದ್ರು?"

ಪಾದ್ರಿಗೆ ನಗು ತಡೆಯಲಾಗಲಿಲ್ಲ. ಅಮ್ಮ ಹೋದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು.

"ನಗಬೇಡ. ಎರಡನೇದು, ನಾಲ್ಕು ಮೂಲೆ, ನಾಲ್ಕು ಹಗ್ಗ, ನಾಲ್ಕು ಕೈ. ಒಬ್ಬ ಒಂದು ಗೇಣು ಬೇಗ ಬಿಟ್ಟಿದ್ರೂ ರೋಗಿ ವಾರೆಯಾಗಿ ಉರುಳಿ ಬೀಳ್ತಿದ್ದ. ಅಂದ್ರೆ ಅವರೂ ನಮ್ಮ ಹಾಗೇ ಕೂಗ್ತಾ ಇಳಿಸಿರ್ಬೇಕು, ಅಲ್ವಾ? ಮೂರನೇದು ಮುಖ್ಯ. ಯೇಸು 'ಅವರ ವಿಶ್ವಾಸ ನೋಡಿ' ಅವನನ್ನ ಎಬ್ಬಿಸಿದ ಅಂತ ಓದಿದ್ರು. ಅವರದ್ದು ಅಂದ್ರೆ ಯಾರದ್ದು? ಮಲಗಿದ್ದವನದ್ದಲ್ಲ ತಾನೇ? ಮೇಲೆ ನಿಂತಿದ್ದವರದ್ದು. ಎಂಥ ಸ್ನೇಹ ಅಂತ ನೋಡಿ ಖುಷಿಪಟ್ಟ ಅಂತ ನಾನು ತಿಳ್ಕೊಂಡೆ."

"ಅದು ಸ್ನೇಹ-ವಿಶ್ವಾಸ ಅನ್ನೋ ವಿಶ್ವಾಸ ಅಲ್ಲ ಕಣೋ. ದೇವರ ಮೇಲಿನ ನಂಬಿಕೆ."

"ಎರಡಕ್ಕೂ ಒಂದೇ ಪದ ಇಟ್ಕೊಂಡು ನನಗ್ಯಾಕೆ ಬೈತೀಯ?"

ಆ ಕಥೆಯನ್ನು ಪಾದ್ರಿ ಬಾಲ್ಯದಿಂದ ನೂರು ಸಲ ಕೇಳಿದ್ದ. ರೋಗಿಗೆ ನಂಬಿಕೆ ಇತ್ತೋ ಇಲ್ಲವೋ ಎಂದು ಅಲ್ಲಿ ಯಾರೂ ಕೇಳುವುದೇ ಇಲ್ಲ ಎಂಬುದು ಅವನ ಲಕ್ಷ್ಯಕ್ಕೆ ಬಂದಿರಲೇ ಇಲ್ಲ. ತುತ್ತು ಕೈಯಲ್ಲೇ ಉಳಿಯಿತು. ಆದರೆ ಕೆಲಸದ ಗಂಟೆಯಾಯಿತು, ಎದ್ದರು.

ಅದಾಗಿ ಎರಡು ತಿಂಗಳಿಗೆ, ಒಂದು ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಇಬ್ಬರೂ ಆರು ಮಹಡಿಯ ಒಂದು ಆಸ್ಪತ್ರೆಯಲ್ಲಿ ಇದ್ದರು. ಎರಡು ಲಿಫ್ಟುಗಳಲ್ಲಿ ಒಂದನ್ನು ನಿಲ್ಲಿಸಿ ಸರ್ವಿಸ್ ಮಾಡುತ್ತಿದ್ದರು. ಕರೆಂಟು ಹೋಯಿತು, ಜನರೇಟರ್ ಒದ್ದುಕೊಂಡು ಶುರುವಾಯಿತು. ಆ ಒದೆತಕ್ಕೆ ಓಡುತ್ತಿದ್ದ ಇನ್ನೊಂದು ಲಿಫ್ಟಿನ ಕಂಟ್ರೋಲ್ ಬೋರ್ಡು ಸುಟ್ಟು, ಅದು ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ನಿಂತಿತು.

ಒಳಗೆ ಸ್ಟ್ರೆಚರ್ ಮೇಲೆ ಒಬ್ಬ ಹೆಂಗಸು ಇದ್ದಳು. ಬೇಕರಿ ನಡೆಸುವವಳು, ಬೆಳಿಗ್ಗೆ ಒಲೆಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದವಳು. ಅವಳನ್ನು ಆಪರೇಷನ್ನಿಗೆ ಒಯ್ಯುತ್ತಿದ್ದರು. ಜೊತೆಗೆ ಒಬ್ಬಳೇ ನರ್ಸು. ಬಾಗಿಲ ಸಂದಿಯಿಂದ ನರ್ಸಿನ ದನಿ ಬಂತು: "ಆಕ್ಸಿಜನ್ ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದಿದೆ, ಖಾಲಿ ಆಗ್ತಿದೆ. ಬೇಗ ಏನಾದ್ರೂ ಮಾಡಿ!"

ಬೋರ್ಡು ಸರಿಮಾಡಲು ಗಂಟೆಗಳು ಬೇಕು. ಉಳಿದದ್ದು ಒಂದೇ ದಾರಿ. ಮಷಿನ್ ರೂಮಿನಲ್ಲಿ ಒಬ್ಬ ಕಬ್ಬಿಣದ ಹಿಡಿಯನ್ನು ಒತ್ತಿ ಬ್ರೇಕು ಬಿಡಿಸಿ ಹಿಡಿಯಬೇಕು, ಇನ್ನೊಬ್ಬ ಮೋಟಾರಿನ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಒಂದು ಸುತ್ತಿಗೆ ಲಿಫ್ಟು ಎರಡು ಬೆರಳಷ್ಟು ಇಳಿಯುತ್ತದೆ. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಬ್ರೇಕಿಗೆ ನಿಂತ, ಬೈರಿಗೆ ಚಕ್ರಕ್ಕೆ. ಪಾದ್ರಿ ನಾಲ್ಕನೆಯ ಮಹಡಿಯ ಬಾಗಿಲನ್ನು ಕೀಲಿಯಿಂದ ತೆರೆದು, ತಲೆಗೆ ದೀಪ ಕಟ್ಟಿಕೊಂಡು, ನಿಂತಿದ್ದ ಲಿಫ್ಟಿನ ನೆತ್ತಿಯ ಮೇಲೆ ಇಳಿದ. ಮಂಡಿಯೂರಿ ಅದರ ಚಾವಣಿಯ ಮುಚ್ಚಳ ತೆಗೆದ. ವಾರ್ಡಿನವರು ಕೊಟ್ಟ ಹೊಸ ಸಿಲಿಂಡರಿಗೆ ಹಗ್ಗ ಬಿಗಿದು, ಆ ಕಂಡಿಯ ಮೂಲಕ ನಿಧಾನವಾಗಿ ನರ್ಸಿನ ಕೈಗೆ ಇಳಿಸಿದ.

ಹಗ್ಗ ಸಡಿಲವಾದಾಗ ಅವನು ಕೆಳಗೆ ನೋಡಿದ. ದೀಪದ ಬೆಳಕು ನೇರ ರೋಗಿಯ ಮುಖದ ಮೇಲೆ ಬಿದ್ದಿತ್ತು. ತಾನು ಮಾಡು ತೆರೆದು ಹಗ್ಗ ಹಿಡಿದು ಬಗ್ಗಿ ನೋಡುತ್ತಿದ್ದೇನೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಿತು.

ಅವಳು ಮುಖದ ಮಾಸ್ಕನ್ನು ಸರಿಸಿದಳು. ಹಣೆಯ ಅಂಚಿನಲ್ಲಿ ಇನ್ನೂ ಹಿಟ್ಟಿನ ಬಿಳುಪು ಇತ್ತು. "ಯಾರಪ್ಪಾ ಮೇಲೆ?"

"ಲಿಫ್ಟಿನವನು, ಅಮ್ಮ. ಈಗ ಇಳಿಸ್ತೀವಿ. ಹೆದರ್ಬೇಡಿ."

"ನನಗೆ ಒಂದು ಮಾತೂ ನೆನಪಾಗ್ತಿಲ್ಲ. ಒಂದು ಪ್ರಾರ್ಥನೆ ಹೇಳ್ತೀಯಾ?"

ಬರುವುದಿಲ್ಲ ಎಂದು ಹೇಳುವುದು ಸುಳ್ಳು, ಹೇಳುತ್ತೇನೆ ಎಂದರೆ ಆಗುವ ಕೆಲಸವಲ್ಲ. ಏನೂ ತೋಚದೆ ಅವನು ತಲೆಯೆತ್ತಿ ಮಷಿನ್ ರೂಮಿನ ನೆಲದ ತೂತಿನ ಕಡೆಗೆ ಕೂಗಿದ: "ಪ್ರಾರ್ಥನೆ ಹೇಳಿ ಅಂತಿದ್ದಾರೆ!"

"ಪ್ರಾರ್ಥನೆ ಹೇಳ್ಬೇಕು!" ಎಂದು ಮೇಲಿನಿಂದ ಮಾತು ತಿರುಗಿ ಬಂತು, ಕೆಲಸದ ನಿಯಮದಂತೆ. ಆಮೇಲೆ ಬ್ರೇಕು ಬಿಟ್ಟ ಸದ್ದು, ಉಕ್ಕಿನ ಹಗ್ಗಗಳು ಮಿಸುಕಿದ ಸದ್ದು. ಅದರ ಹಿಂದೆಯೇ ಬೈರಿಗೆಯ ದನಿ. ಸುತ್ತುಗಳ ಎಣಿಕೆ ಕೂಗಬೇಕಾದ ಜಾಗದಲ್ಲಿ ಅವನು ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಶುರು ಮಾಡಿದ್ದ. ಪರಲೋಕದ ತಂದೆಯನ್ನು ಕರೆಯುವ ಮೊದಲ ಸಾಲು. ಸಾಲು ಮುಗಿಸಿ, ಚಕ್ರ ಹಿಡಿದು ಅವನು ಕಾದ.

ಪಾದ್ರಿ ತಿರುಗಿ ಕೂಗಬೇಕಿತ್ತು. ಕೂಗದಿದ್ದರೆ ಮೇಲೆ ಕೈ ನಿಲ್ಲುತ್ತದೆ, ಕೈ ನಿಂತರೆ ಲಿಫ್ಟು ನಿಲ್ಲುತ್ತದೆ. ಯೋಚಿಸಲು ಹೊತ್ತಿರಲಿಲ್ಲ. ಮೂರು ವರ್ಷದ ಅಭ್ಯಾಸ ಅವನ ಬಾಯಿ ತೆರೆಸಿತು. "ತಂದೆಯೇ" ಎಂದು ಅವನು ಕೂಗಿದ.

ಲಿಫ್ಟು ಎರಡು ಬೆರಳು ಇಳಿಯಿತು.

ಮುಂದಿನ ಸಾಲು ಬಂತು. ಅವನು ತಿರುಗಿ ಕೂಗಿದ. ಮತ್ತೆರಡು ಬೆರಳು. ಹೀಗೆ ಸಾಲಿಗೊಂದು ಸುತ್ತು, ಸುತ್ತಿಗೊಂದು ಮಾರುತ್ತರ. ಅಷ್ಟು ಎತ್ತರದ ಕತ್ತಲೆಯಲ್ಲಿ ಗೆಳೆಯನ ದನಿ ಗೋಡೆಯಿಂದ ಗೋಡೆಗೆ ಬಡಿದು, ದಪ್ಪವಾಗಿ, ಒಬ್ಬನದಲ್ಲವೆಂಬಂತೆ ಕೆಳಗೆ ಬರುತ್ತಿತ್ತು. ಅವನ ಉಚ್ಚಾರಣೆಯಲ್ಲಿ ತಪ್ಪಿತ್ತು. ರಾಗದಲ್ಲಿ ಅಜ್ಜಿಯ ಎಳೆತವಿತ್ತು. ಪಾದ್ರಿ ಅಂಗೈಯನ್ನು ಉಕ್ಕಿನ ಹಗ್ಗದ ಮೇಲೆ ಇಟ್ಟಿದ್ದ. ಮೇಲಿನ ಪ್ರತಿ ಸುತ್ತೂ ಅದರೊಳಗೆ ನಡುಗುತ್ತಾ ಅವನ ಮೊಣಕೈಯವರೆಗೆ ಬರುತ್ತಿತ್ತು.

ದಿನದಿನದ ರೊಟ್ಟಿ ಕೊಡು ಎಂದು ಕೇಳುವ ಸಾಲು ದಾಟಿತು. ಆಮೇಲೆ ಮೇಲೆ ದನಿ ತಡವರಿಸಿತು. ಏನೋ ಗೊಣಗಿದ, ನಿಂತ. ಬೈರಿಗೆಗೆ ಮುಂದಿನ ಸಾಲು ಮರೆತಿತ್ತು. ಚಕ್ರ ನಿಂತಿತು. ಕೆಳಗೆ ಆ ಹೆಂಗಸಿನ ಉಸಿರು ಮಾತ್ರ ಕೇಳುತ್ತಿತ್ತು.

ಅದು ಕ್ಷಮೆಯ ಸಾಲು. ನಮ್ಮನ್ನು ಕ್ಷಮಿಸು ಎಂದು ಕೇಳುವುದು, ನಾವೂ ಕ್ಷಮಿಸಿದ್ದೇವೆ ಎಂದು ಹೇಳುವುದು. ಪಾದ್ರಿಗೆ ಹಿರಿಯರ ಕೈ ಹೆಗಲ ಮೇಲೆ ಬಿದ್ದಂತಾಯಿತು. ಅವರನ್ನಷ್ಟೇ ಅಲ್ಲ, ಚಹಾ ತರಲು ಹೋದ ತನ್ನನ್ನು, ಅಮ್ಮನನ್ನು ಕರೆದುಕೊಂಡ ದೇವರನ್ನು, ಯಾರನ್ನೂ ತಾನು ಕ್ಷಮಿಸಿಲ್ಲ ಎಂದು ಅವನಿಗೆ ಗೊತ್ತಾಯಿತು. ಎಲ್ಲರನ್ನೂ ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದ. ಕೆಳಗಿನಿಂದ ಅವಳು ಕಣ್ಣು ಪಿಳುಕಿಸದೆ ಅವನನ್ನೇ ನೋಡುತ್ತಿದ್ದಳು.

ಅವನು ಆ ಸಾಲನ್ನು ಹೇಳಿದ. ಕೂಗಲಿಲ್ಲ, ಹೇಳಿದ. ಆದರೂ ಅದು ಮೇಲಕ್ಕೆ ಹತ್ತಿತು. ಬೈರಿಗೆ ಅದನ್ನು ಹಾಗೇ ತಿರುಗಿ ಕೂಗಿದ. ಚಕ್ರ ತಿರುಗಿತು.

ಅಲ್ಲಿಂದ ಮುಂದೆ ಹೇಳಿದವನು ಪಾದ್ರಿ, ತಿರುಗಿ ಕೂಗಿದವನು ಬೈರಿಗೆ. ಆಮೆನ್ ಎಂದಾಗ ಲಿಫ್ಟು ಇನ್ನೂ ಅರ್ಧ ದಾರಿಯನ್ನೂ ಇಳಿದಿರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದರು. ನರ್ಸೂ ಸೇರಿಕೊಂಡಳು. ಮಾಸ್ಕಿನೊಳಗಿನಿಂದ ಆ ಹೆಂಗಸಿನ ತುಟಿಯೂ ಅಲ್ಲಾಡತೊಡಗಿತು. ಬ್ರೇಕು ಹಿಡಿದಿದ್ದ ಎಲೆಕ್ಟ್ರಿಷಿಯನ್ ಕೂಡ ತನಗೆ ಗೊತ್ತಾದಷ್ಟು ಗುನುಗಿದನಂತೆ. ಆ ಐದು ಜನರಲ್ಲಿ ಮೇಲಿನ ಇಬ್ಬರಿಗೆ ಕೆಳಗಿನ ಮೂವರ ಮುಖ ಕಾಣುತ್ತಿರಲಿಲ್ಲ, ಕೆಳಗಿನವರಿಗೆ ಮೇಲಿನವರದು. ಪಾದ್ರಿಗೆ ತಾನು ಪ್ರಾರ್ಥನೆ ಮಾಡುತ್ತಿದ್ದೇನೆ ಅನ್ನಿಸಲಿಲ್ಲ. ಯಾವತ್ತಿನಿಂದಲೋ ನಡೆಯುತ್ತಲೇ ಇರುವ ಒಂದು ಪ್ರಾರ್ಥನೆಯೊಳಕ್ಕೆ ತನ್ನನ್ನು ಯಾರೋ ಜೋಪಾನವಾಗಿ ಇಳಿಸುತ್ತಿದ್ದಾರೆ ಅನ್ನಿಸಿತು. ಅಲ್ಲಿ ಯಾರೋ ಇದ್ದರು. ಅಮ್ಮ ಯಾಕೆ ಹೋದಳು ಎಂಬುದಕ್ಕೆ ಉತ್ತರವೇನೂ ಸಿಗಲಿಲ್ಲ. ಆದರೆ ಆ ಪ್ರಶ್ನೆಯನ್ನೂ ತನ್ನನ್ನೂ ಒಟ್ಟಿಗೆ ಹೊತ್ತುಕೊಳ್ಳುವಷ್ಟು ದೊಡ್ಡದೊಂದು ಇರವು ಆ ಕತ್ತಲೆಯಲ್ಲಿ ತುಂಬಿತ್ತು.

ಮೂರನೆಯ ಸಲದ ನಡುವೆ ಲಿಫ್ಟು ಮೂರನೆಯ ಮಹಡಿಯ ನೆಲಕ್ಕೆ ಸರಿಯಾಗಿ ಬಂದು ಕೂತಿತು. ಬಾಗಿಲು ತೆಗೆದರು, ಸ್ಟ್ರೆಚರ್ ಹೊರಗೆ ಓಡಿತು.

ಮಷಿನ್ ರೂಮಿಗೆ ಹತ್ತಿ ಬಂದಾಗ ಬೈರಿಗೆ ಗೋಡೆಗೆ ಒರಗಿ ಕೂತಿದ್ದ. ಎರಡೂ ಅಂಗೈ ಬೊಬ್ಬೆಯೆದ್ದಿದ್ದವು. ಪಾದ್ರಿ ನೀರಿನ ಬಾಟಲಿ ತೆರೆದು ಅವನ ಕೈಗಳ ಮೇಲೆ ಸುರಿದ.

"ನೀನು ಅಲ್ಲಿ ಹೋಗಿ ಏನು ಮಾಡ್ತೀಯೋ, ಪ್ರತಿ ವಾರ?" ಎಂದು ಈ ಸಲ ಪಾದ್ರಿಯೇ ಕೇಳಿದ.

ಬೈರಿಗೆ ನಾಚಿಕೊಂಡ. "ಏನಿಲ್ಲ. ಎಲ್ಲರೂ ಕಣ್ಣು ಮುಚ್ಚಿದಾಗ ನಾನೂ ಮುಚ್ತೀನಿ. ದೇವರೇ, ಇದು ನನ್ನ ಜಾಗ ಅಲ್ಲ, ಅವನದ್ದು. ಅವನಿಗೆ ಈಗ ಹುಷಾರಿಲ್ಲ. ಅವನ ಪರವಾಗಿ ನಾನು ಬಂದಿದೀನಿ, ಅವನ ಹಾಜರಿ ಹಾಕ್ಕೋ ಅಂತೀನಿ. ಅಷ್ಟೇ. ಬೇರೇನೂ ಬರಲ್ಲ ನನಗೆ."

"ಹದಿನಾರು ತಿಂಗಳು?"

"ಹೂಂ. ಹೋಗ್ತಾ ಹೋಗ್ತಾ ನನ್ನ ಹಾಜರಿನೂ ಹಾಕ್ಕೋ ಅನ್ನೋಕೆ ಶುರು ಮಾಡ್ದೆ. ನಿನಗೆ ಹೇಳೋಕೆ ನಾಚಿಕೆ ಆಯ್ತು."

ಪಾದ್ರಿ ಅವನ ಒದ್ದೆ ಕೈಗಳನ್ನು ಹಿಡಿದುಕೊಂಡು ಅತ್ತ. ಆ ಹೆಂಗಸು ಉಳಿಯುತ್ತಾಳೋ ಇಲ್ಲವೋ ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಉಳಿದಳು ಎಂಬ ಸುದ್ದಿ ಸಿಕ್ಕಿದ್ದು ಶನಿವಾರ. ಆಸ್ಪತ್ರೆಯ ಬ್ರೆಡ್ಡು ಹಸಿಹಸಿಯಾಗಿದೆ ಎಂದು ಜಗಳ ಮಾಡುತ್ತಿದ್ದಾಳೆ ಎಂದು ನರ್ಸು ಫೋನಿನಲ್ಲಿ ನಕ್ಕಳು.

ಭಾನುವಾರ ಅಜ್ಜಿಯ ಎರಡು ತೋಳಿಗೂ ಇಬ್ಬರಿದ್ದರು. ಒಳಗೆ ಹೋಗುವ ಮುನ್ನ ಪಾದ್ರಿ ಸಭೆಯ ಹಿರಿಯರ ಎದುರು ನಿಂತು, "ಅಮ್ಮನ ಮಣ್ಣಿನ ದಿನ ನೀವೊಂದು ಮಾತು ಹೇಳಿದ್ರಿ. ಅದನ್ನ ಇಷ್ಟು ದಿನ ಹೊತ್ಕೊಂಡಿದ್ದೆ. ಇವತ್ತು ಇಳಿಸ್ತಿದೀನಿ" ಎಂದ.

ಹಿರಿಯರು ಗಾಬರಿಯಿಂದ ಅವನ ಮುಖ ನೋಡಿದರು. "ಯಾವ ಮಾತಪ್ಪ? ನನಗೆ ನೆನಪೇ ಇಲ್ಲವಲ್ಲ."

ಅವನಿಗೆ ಒಂದು ಗಳಿಗೆ ಸಿಟ್ಟು ಬಂತು. ಆಮೇಲೆ ಅವರ ಅಂಗಿಯ ಗುಂಡಿ ತಪ್ಪು ಕಾಜಿಗೆ ಹಾಕಿರುವುದು ಕಂಡಿತು. ಅವನು ಅದನ್ನು ಬಿಚ್ಚಿ ಸರಿಯಾಗಿ ಹಾಕಿ, "ಇರಲಿ ಬಿಡಿ" ಎಂದ.

ಹಾಡು ಶುರುವಾದಾಗ ಅವನಿಗೆ ಹಾಡಲಾಗಲಿಲ್ಲ. ಬಾಯಿ ಒಣಗಿರಲಿಲ್ಲ, ತುಂಬಿತ್ತು. ಕಿಟಕಿಯ ಬಿಸಿಲು ಬೆಂಚಿನ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಅಜ್ಜಿಯ ತೆಳ್ಳನೆಯ ದನಿ, ಅದರಾಚೆ ಬೈರಿಗೆ, ಕೈಗೆ ಪಟ್ಟಿ ಸುತ್ತಿಕೊಂಡು, ಎಲ್ಲರಿಗಿಂತ ಒಂದು ಸಾಲು ಹಿಂದೆ, ಎಲ್ಲರಿಗಿಂತ ಜೋರಾಗಿ, ಅರ್ಧಕ್ಕರ್ಧ ಪದ ತಪ್ಪಾಗಿ ಹಾಡುತ್ತಿದ್ದ. ಮುಂದಿನ ಬೆಂಚಿನ ಮಗುವೊಂದು ತಿರುಗಿ ಅವನನ್ನೇ ಬಾಯಿಬಿಟ್ಟು ನೋಡುತ್ತಿತ್ತು. ಪಾದ್ರಿಯೂ ಆ ಮಗುವಿನ ಹಾಗೆಯೇ ಅವನನ್ನು ನೋಡುತ್ತಾ ನಿಂತ.